ಭಂಗಾರವೂ ಬಂಗಾರವೂ

ಮುಂಬಯಿ, ಸೊಲ್ಲಾಪುರಗಳ ಗಾಳಿ ತಾಗಿದ ನಮ್ಮ ವಿಜಯಪುರದ ಮಾತಿನಲ್ಲಿ ಗುಜರಿ ಸಾಮಾನಿಗೆ ‘ಭಂಗಾರ’ ಎಂಬ ಮರಾಠಿ ಶಬ್ದವು ರೂಢಿಯಾಗಿದೆ. ಮಹಾಪ್ರಾಣವನ್ನು ಅಲ್ಪಪ್ರಾಣವಾಗಿ ನುಡಿಯುವುದು ಕನ್ನಡಿಗನ ನಾಲಗೆಯ ಹಳೆಯ ಚಾಳಿ. ಆದ್ದರಿಂದ ಕೈಗಾಡಿಯವನು ಓಣಿಯಲ್ಲಿ ಕೂಗುತ್ತ ಬಂದಾಗ ಅವನು ಕೇಳುತ್ತಿರುವುದು ಗುಜರಿಯನ್ನೋ ಚಿನ್ನವನ್ನೋ ಎಂದು ಪರವೂರಿನ ನೆಂಟರು ತಬ್ಬಿಬ್ಬಾಗುವುದುಂಟು. ಒಂದು ‘ಹ’ಕಾರದ ಉಸಿರಿನಷ್ಟೇ ಅಂತರ!

ಹಳೆಯ ಟೆಲಿವಿಜನ್ ಸೆಟ್ಟುಗಳೊಳಗಿನ ಗಾಜಿನ ವಾಲ್ವುಗಳ ವಿಷಯದಲ್ಲಿ ನಮ್ಮ ಸುಶಿಕ್ಷಿತ ಸಮಾಜವು ಈ ಎರಡು ಶಬ್ದಗಳ ನಡುವೆ ಸಿಕ್ಕಿಕೊಂಡಿದೆ. ಒಂದು ಪಂಗಡಕ್ಕೆ ಅದು ಭಂಗಾರ. ಕಿಲೋ ಲೆಕ್ಕದಲ್ಲಿ ತೂಗಿ ಕೈತೊಳೆದುಕೊಳ್ಳತಕ್ಕ ಕಸ. ಇನ್ನೊಂದು ಪಂಗಡಕ್ಕೆ ಅದು ಬಂಗಾರ. ಗಾಜಿನ ಕಪಾಟಿನಲ್ಲಿಟ್ಟು, ಕೆಂಪಗೆ ಉರಿಯುವುದನ್ನು ದೀಪಾರಾಧನೆಯಂತೆ ನೋಡುತ್ತ, ‘ಆಹಾ, ಆ ಕಾಲದ ನಾದವೇ ನಾದ’ ಎಂದು ಕಣ್ಣು ಮುಚ್ಚತಕ್ಕ ವಸ್ತು. ಇಬ್ಬರೂ ಪರಸ್ಪರ ವಿರೋಧಿಗಳೆಂದು ತೋರುತ್ತಾರೆ. ನನ್ನ ವಾದವೆಂದರೆ ಇಬ್ಬರೂ ಒಂದೇ ಅಪರಾಧದಲ್ಲಿ ಪಾಲುದಾರರು. ಆ ವಾಲ್ವನ್ನು ಕೆಲಸಕ್ಕೆ ಹಚ್ಚಬಲ್ಲ ಹುಡುಗನ ಕೈಗೆ ಅದು ಸಿಗದಂತೆ ಮಾಡುವವರು ಇವರೇ.

ಮೊದಲು ಭಂಗಾರದವರ ವಿಚಾರ. ನಮ್ಮ ಕಾಲೇಜುಗಳಲ್ಲಿ ‘ಡೆಡ್ ಸ್ಟಾಕ್ ರಿಜಿಸ್ಟರ್’ ಎಂಬ ದಪ್ಪ ವಹಿಯೊಂದಿರುತ್ತದೆ. ಬೇಗನೆ ಸವೆಯದ, ಬಹುಕಾಲ ಬಾಳುವ ಸಾಮಾನುಗಳನ್ನು ಬರೆದಿಡುವ ವಹಿಗೆ ‘ಸತ್ತ ದಾಸ್ತಾನು’ ಎಂದು ಹೆಸರಿಟ್ಟ ಮಹಾಶಯನು ಯಾರೋ ತಿಳಿಯದು. ಅವನ ಭವಿಷ್ಯಜ್ಞಾನವನ್ನು ಮೆಚ್ಚಬೇಕು. ಎರಡು ವರ್ಷಗಳ ಹಿಂದೆ ನಾನು ಬಲ್ಲ ಒಂದು ಕಾಲೇಜಿನಲ್ಲಿ ತಪಾಸಣೆ ನಡೆದು, ಪ್ರಯೋಗಶಾಲೆಯ ಮೂಲೆಯಲ್ಲಿದ್ದ ಹಳೆಯ ಸಾಮಾನನ್ನು ವಹಿಯಿಂದ ಹೊಡೆದುಹಾಕಿದರು. ಅದರಲ್ಲಿ ಪಾಠಕ್ಕೆಂದು ತಂದಿದ್ದ ಒಂದು ಕಪ್ಪು-ಬಿಳುಪು ಟೆಲಿವಿಜನ್ ಸೆಟ್ಟಿತ್ತು. ಪೆಟ್ಟಿಗೆಯನ್ನೇ ಬಿಚ್ಚದ ಎರಡು ಡಜನ್ ವಾಲ್ವುಗಳಿದ್ದವು. ರಟ್ಟಿನ ಮೇಲೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಮುದ್ರೆಯು ಇನ್ನೂ ಮಾಸಿರಲಿಲ್ಲ. ಎಲ್ಲವನ್ನೂ ಕಬ್ಬಿಣದ ಕುರ್ಚಿಗಳ ಜೊತೆಗೆ ಸೇರಿಸಿ ತೂಗಿದರು. ಗಾಡಿಗೆ ಹೇರುವಾಗಲೇ ಅರ್ಧದಷ್ಟು ಒಡೆದವು. ವ್ಯಾಪಾರಿಯನ್ನು ದೂರಲಾರೆ, ಅವನು ಸತ್ಯವನ್ನೇ ಹೇಳಿದನು: ‘ಕಾಜಿಗೆ ರೇಟ್ ಇಲ್ರೀ ಸರ, ತಾಂಬ್ರಕ್ಕಷ್ಟ ಐತಿ. ನೀವ ಮೊದಲ ಹೇಳಿದ್ರ ಬ್ಯಾರೆ ತಗದ ಇಡತಿದ್ನಿ.’ ಮೊದಲು ಹೇಳಬೇಕಾದವರು ಯಾರು? ಪದವಿಗಳನ್ನು ಹೆಸರಿನ ಮುಂದೆ ಸಾಲಾಗಿ ಬರೆದುಕೊಂಡ ನಾವೇ ಅಲ್ಲವೆ?

ಈ ವಸ್ತುವು ಏನೆಂಬುದನ್ನು ತಿಳಿಯದೆ ಅದು ಕಸವೋ ಕಸುಬೋ ಎಂದು ತೀರ್ಮಾನಿಸುವುದು ನ್ಯಾಯವಲ್ಲ. ವಾಲ್ವ್ ಎಂಬ ಶಬ್ದವು ವಿಜಯಪುರದ ಯಾವ ಗೃಹಿಣಿಗೂ ಹೊಸದಲ್ಲ. ನಮ್ಮ ಓಣಿಗೆ ನೀರು ಬಿಡುವ ‘ವಾಲ್ವ್‌ಮನ್’ ಯಾವಾಗ ಬಂದಾನೆಂದು ಕೊಡ ಹಿಡಿದು ಕಾಯದವರಾರು? ಅವನು ತಿರುಗಿಸುವ ಚಕ್ರಕ್ಕೆ ಬೇಕಾದದ್ದು ಒಂದು ಕೈಯ ಬಲ. ಅದರಿಂದ ಹರಿಯುವುದು ಇಡೀ ಬಡಾವಣೆಯ ನೀರು. ೧೯೦೪ರಲ್ಲಿ ಇಂಗ್ಲೆಂಡಿನ ಫ್ಲೆಮಿಂಗನು ತನ್ನ ಗಾಜಿನ ಬುರುಡೆಗೆ ಈ ಹೆಸರಿಟ್ಟದ್ದು, ಅದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಹರಿಯಗೊಡುತ್ತದೆಂಬ ಕಾರಣಕ್ಕೆ. ಎರಡು ವರ್ಷಗಳ ತರುವಾಯ ಅಮೆರಿಕದ ಡಿ ಫಾರೆಸ್ಟನು ಅದರ ನಡುವೆ ಒಂದು ಜಾಲರಿಯನ್ನು ಸೇರಿಸಿದನು. ಅಂದಿನಿಂದ ಅದು ನಮ್ಮ ವಾಲ್ವ್‌ಮನ್ನಿನ ಚಕ್ರವೇ ಆಯಿತು. ಜಾಲರಿಯ ಮೇಲೆ ಬೀಳುವ ಅತಿ ಸಣ್ಣ ವಿದ್ಯುತ್ತಿನ ಏರಿಳಿತವು ದೊಡ್ಡ ಪ್ರವಾಹವನ್ನು ತನ್ನಂತೆಯೇ ಏರಿಸಿ ಇಳಿಸುತ್ತದೆ. ನಮ್ಮ ಗೋಲಗುಂಬಜದ ಗೋಡೆಯು ಪಿಸುಮಾತನ್ನು ಆಚೆಯ ಕಿವಿಗೆ ಮುಟ್ಟಿಸಬಲ್ಲದು, ಕೂಗನ್ನು ಮತ್ತೆ ಮತ್ತೆ ಹಿಂದಿರುಗಿಸಬಲ್ಲದು, ಆದರೆ ಹೆಚ್ಚಿಸಲಾರದು. ಹೆಚ್ಚಿಸಲು ಹೊರಗಿನಿಂದ ಶಕ್ತಿ ಬೇಕು, ಅದನ್ನು ಆಳುವ ಚಕ್ರ ಬೇಕು. ಆಂಪ್ಲಿಫಾಯರು ಎಂದರೆ ಇಷ್ಟೆ.

ಟೆಲಿವಿಜನ್ನಿನ ವಾಲ್ವುಗಳು ನಮ್ಮ ಕಡೆಗೆ ಬಂದ ಕಥೆಯನ್ನು ಚುಟುಕಾಗಿ ಹೇಳುವೆನು. ಬೆಂಗಳೂರಿಗೆ ದೂರದರ್ಶನವು ಬಂದದ್ದು ೧೯೮೧ರಲ್ಲಿ. ಆದರೆ ೧೯೭೫ರ ಆಗಸ್ಟ್ ೧ರಿಂದ ೧೯೭೬ರ ಜುಲೈ ೩೧ರ ವರೆಗೆ ಉಪಗ್ರಹದ ಮೂಲಕ ನಡೆದ ಶೈಕ್ಷಣಿಕ ಪ್ರಯೋಗದಲ್ಲಿ—‘ಸೈಟ್’ ಎಂದು ಪ್ರಸಿದ್ಧವಾದದ್ದು—ದೇಶದ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳ ಪೈಕಿ ಕರ್ನಾಟಕದ ಪಾಲಿಗೆ ಬಂದ ಹಳ್ಳಿಗಳು ಆಗಿನ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳವು. ರಾಜಧಾನಿಯ ಶ್ರೀಮಂತರು ಕಾಣುವ ಮೊದಲೇ ನಮ್ಮ ಹಳ್ಳಿಯ ಒಕ್ಕಲಿಗನು ಶಾಲೆಯ ಕಟ್ಟೆಯ ಮೇಲೆ ಕುಳಿತು ಟೆಲಿವಿಜನ್ ನೋಡಿದನೆಂಬುದನ್ನು ಬೆಂಗಳೂರಿನ ಮಿತ್ರರಿಗೆ ಆಗಾಗ ನೆನಪಿಸುವುದು ನನಗೆ ಬಲು ಪ್ರಿಯವಾದ ಕೆಲಸ. ಇರಲಿ. ಮನೆಮನೆಯ ಸೆಟ್ಟುಗಳ ಮಾತು ಬೇರೆ. ಮುಂಬಯಿಯಲ್ಲಿ ೧೯೭೨ರಲ್ಲಿ ಕೇಂದ್ರವು ಆರಂಭವಾದ ಮೇಲೆ ಅಲ್ಲಿನ ನೌಕರಸ್ಥರು ಕೊಂಡ ಕಪ್ಪು-ಬಿಳುಪು ಸೆಟ್ಟುಗಳಲ್ಲಿ ಟ್ರಾನ್ಸಿಸ್ಟರುಗಳ ಜೊತೆಗೆ ವಾಲ್ವುಗಳೂ ಇರುತ್ತಿದ್ದವು. ೧೯೮೨ರಲ್ಲಿ ಬಣ್ಣ ಬಂದ ಮೇಲೆ ಅವುಗಳಲ್ಲಿ ಕೆಲವು ಊರಿನ ನೆಂಟರ ಮನೆಗಳಿಗೆ ಇಳಿದವು. ಅಟ್ಟದ ಮೇಲೆ ಇಂದಿಗೂ ಗೋಣಿತಟ್ಟು ಹೊದ್ದು ಮಲಗಿರುವವು ಇವೇ.

ಇಬ್ರಾಹಿಂಪುರದಲ್ಲಿ ಒಬ್ಬ ತರುಣನಿದ್ದಾನೆ. ಹೆಸರು ಬೇಡ, ಅವನಿಗೂ ಅದು ಇಷ್ಟವಿಲ್ಲ. ತಂದೆಯು ಮೈಕಸೆಟ್ಟಿನ ವ್ಯವಹಾರದವನು. ಗಣಪತಿ ಹಬ್ಬ, ಉರುಸು, ಪಾರಿಜಾತದ ಆಟ ಎಲ್ಲಕ್ಕೂ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವನು. ಮಗನು ಐಟಿಐ ಮುಗಿಸಿ ಹಗಲು ಮೋಟಾರು ಕಟ್ಟುತ್ತಾನೆ, ರಾತ್ರಿ ಈ ವಾಲ್ವುಗಳಿಂದ ಆಂಪ್ಲಿಫಾಯರು ಕಟ್ಟುತ್ತಾನೆ. ಸಂಗೀತಕ್ಕೂ ಇಬ್ರಾಹಿಂ ಎಂಬ ಹೆಸರಿಗೂ ಈ ಊರಿನಲ್ಲಿ ಹಳೆಯ ನಂಟು: ೧೫೮೦ರಿಂದ ೧೬೨೭ರ ವರೆಗೆ ಆಳಿದ ಎರಡನೆಯ ಇಬ್ರಾಹಿಂ ಆದಿಲಶಾಹನು ರಾಗಗಳಿಗೆ ಹೊಂದಿಸಿ ‘ಕಿತಾಬ್-ಎ-ನವರಸ’ವನ್ನು ದಖನಿಯಲ್ಲಿ ಬರೆದವನು. ನಮ್ಮ ತರುಣನಿಗೆ ಅದೇನೂ ತಿಳಿಯದು. ಅವನಿಗೆ ತಿಳಿದದ್ದು ಪಿಸಿಎಲ್ ೮೨.

ಈ ಹೆಸರನ್ನು ಕೇಳಿ ಮೂಗು ಮುರಿಯುವವರಿಗೆ ವ್ಯಾಕರಣದ ಅಧ್ಯಾಪಕನಾಗಿ ನಾನು ಹೇಳತಕ್ಕ ಮಾತೊಂದಿದೆ. ಯುರೋಪಿನ ಪದ್ಧತಿಯ ವಾಲ್ವುಗಳಿಗೆ ಬಾಯಿಗೆ ಬಂದ ಹೆಸರಿಟ್ಟಿಲ್ಲ. ಅದರಲ್ಲೊಂದು ಕಟ್ಟುನಿಟ್ಟಾದ ಪ್ರಕ್ರಿಯೆಯಿದೆ. ಮೊದಲಕ್ಷರವು ಒಳಗಿನ ತಂತಿಯನ್ನು ಕಾಯಿಸುವ ಬಗೆಯನ್ನು ಹೇಳುತ್ತದೆ: ‘ಇ’ ಎಂದಿದ್ದರೆ ೬.೩ ವೋಲ್ಟು, ‘ಪಿ’ ಎಂದಿದ್ದರೆ ೩೦೦ ಮಿಲಿಆಂಪಿಯರು, ‘ಯು’ ಎಂದಿದ್ದರೆ ೧೦೦ ಮಿಲಿಆಂಪಿಯರು. ಮುಂದಿನ ಅಕ್ಷರಗಳು ಗಾಜಿನೊಳಗಿನ ಸಂಸಾರವನ್ನು ಹೇಳುತ್ತವೆ: ‘ಸಿ’ ಎಂದರೆ ಟ್ರಯೋಡು, ‘ಎಲ್’ ಎಂದರೆ ಶಕ್ತಿ ಕೊಡುವ ಪೆಂಟೋಡು, ‘ವೈ’ ಎಂದರೆ ರೆಕ್ಟಿಫಾಯರು. ಅಂಕಿಯು ೮ರಿಂದ ಮೊದಲಾದರೆ ಒಂಬತ್ತು ಕಾಲಿನ ಸಣ್ಣ ಬುಡ. ಆದುದರಿಂದ ಪಿಸಿಎಲ್ ೮೨ ಎಂದರೆ ೩೦೦ ಮಿಲಿಆಂಪಿಯರಿನಲ್ಲಿ ಕಾಯುವ, ಒಂದು ಟ್ರಯೋಡನ್ನೂ ಒಂದು ಶಕ್ತಿಯ ಪೆಂಟೋಡನ್ನೂ ಒಂದೇ ಗಾಜಿನಲ್ಲಿ ಕೂಡಿಸಿಕೊಂಡ, ಒಂಬತ್ತು ಕಾಲಿನ ವಾಲ್ವು. ಪ್ರಕೃತಿ, ಪ್ರತ್ಯಯ ಎಲ್ಲವೂ ಇವೆ. ಕೇಶಿರಾಜನು ಕಂಡಿದ್ದರೆ ತಲೆದೂಗುತ್ತಿದ್ದನು.

ಈಗ ಆ ಮೊದಲಕ್ಷರದ ಮಹಿಮೆಯನ್ನು ನೋಡಿರಿ. ಇಸಿಎಲ್ ೮೨ ಮತ್ತು ಪಿಸಿಎಲ್ ೮೨—ಇವೆರಡೂ ಅವಳಿ ಮಕ್ಕಳು. ಕಾಯುವ ತಂತಿಯೊಂದನ್ನು ಬಿಟ್ಟರೆ ಒಳಗೆ ಎಳ್ಳಷ್ಟೂ ಭೇದವಿಲ್ಲ. ‘ಇ’ ಅಕ್ಷರದವು ರೇಡಿಯೋಗಳಿಗಾಗಿ ಹುಟ್ಟಿದವು; ‘ಪಿ’ ಅಕ್ಷರದವು ಟೆಲಿವಿಜನ್ನಿಗಾಗಿ. ಹೊರನಾಡಿನ ಗಿಟಾರ್ ವಾದಕರ ಆಂಪ್ಲಿಫಾಯರುಗಳು ‘ಇ’ ಅಕ್ಷರದ ವಾಲ್ವುಗಳನ್ನು ಬೇಡುತ್ತವೆ. ಇಂಗ್ಲೆಂಡಿನ ಪ್ರಸಿದ್ಧ ವಾಕ್ಸ್ ಎಸಿ ೩೦ ಒಂದರಲ್ಲೇ ನಾಲ್ಕು ಇಎಲ್ ೮೪ಗಳು ಉರಿಯುತ್ತವೆ. ಆದ್ದರಿಂದ ಅವುಗಳಿಗೆ ಬೆಲೆ. ಅವುಗಳನ್ನು ಸ್ಲೊವಾಕಿಯ, ರಷ್ಯ ದೇಶಗಳಲ್ಲಿ ಇಂದಿಗೂ ತಯಾರಿಸುತ್ತಾರೆ. ೧೯೬೧ರಲ್ಲಿ ರೇಡಿಯೋ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿದ ನಮ್ಮ ಬೆಂಗಳೂರಿನ ಕಾರ್ಖಾನೆಯ ಹಳೆಯ ಇಎಲ್ ೮೪ಗಳನ್ನು ಪರದೇಶದವರು ಹುಡುಕಿ ಕೊಳ್ಳುತ್ತಾರೆ. ‘ಪಿ’ ಅಕ್ಷರದವನ್ನು ಕೇಳುವವರು ವಿರಳ. ಅಣ್ಣನಿಗೆ ಹೆಣ್ಣು ಕೊಡಲು ಬೀಗರು ಸಾಲುಗಟ್ಟಿದ್ದಾರೆ. ತಮ್ಮನನ್ನು ನೋಡಿಯೂ ನೋಡದಂತೆ ಹೋಗುತ್ತಾರೆ. ಬಡವನ ಮನೆಯ ಹುಡುಗನಿಗೆ ಅನುಕೂಲವಾಗಿರುವುದೂ ಇದೇ. ಅಗ್ಗವಾಗಿ, ಅನೇಕ ವೇಳೆ ಬಿಟ್ಟಿಯಾಗಿ ಸಿಕ್ಕಬಹುದಾದ, ಕೆಲಸದಲ್ಲಿ ಅಣ್ಣನಿಗೆ ಸರಿಸಮಾನವಾದ ವಾಲ್ವು ಇದೊಂದೇ. ಇದನ್ನೇ ನಾವು ಕುರ್ಚಿಯ ಜೊತೆ ತೂಗುತ್ತಿದ್ದೇವೆ!

ಹಾಗಾದರೆ ಆ ೩೦೦ ಮಿಲಿಆಂಪಿಯರನ್ನು ಕೊಡುವುದು ಹೇಗೆ? ಟೆಲಿವಿಜನ್ ಸೆಟ್ಟಿನಲ್ಲಿ ಎಲ್ಲ ವಾಲ್ವುಗಳ ಕಾಯುವ ತಂತಿಗಳನ್ನು ಮಾಲೆಯಂತೆ ಒಂದರ ಹಿಂದೊಂದು ಪೋಣಿಸಿ, ಉಳಿದ ವೋಲ್ಟನ್ನು ಒಂದು ರೆಸಿಸ್ಟರಿನಲ್ಲಿ ಸುಟ್ಟು, ನೇರವಾಗಿ ಮನೆಯ ೨೩೦ ವೋಲ್ಟಿಗೆ ಕೊಡುತ್ತಿದ್ದರು. ಮನೆಯಲ್ಲಿ ಕಟ್ಟುವವನು ಹಾಗೆ ಮಾಡತಕ್ಕದ್ದಲ್ಲ. ಇಬ್ರಾಹಿಂಪುರದ ತರುಣನು ಹಿಡಿದ ದಾರಿಯನ್ನು ಬೇರೆ ದೇಶದ ಹವ್ಯಾಸಿಗಳೂ ಹಿಡಿದಿದ್ದಾರೆ: ಇಂದಿನ ಎಲ್‌ಇಡಿ ದೀಪದ ಡ್ರೈವರು! ಪ್ರವಾಹವನ್ನು ೩೦೦ ಮಿಲಿಆಂಪಿಯರಿಗೆ ಬಿಗಿಹಿಡಿದು ಕೊಡುವುದೇ ಅದರ ಧರ್ಮ. ಪಿಸಿಎಲ್ ೮೨ಕ್ಕೆ ೧೬ ವೋಲ್ಟು. ಎಡಕ್ಕೊಂದು ಬಲಕ್ಕೊಂದು ಎಂದು ಎರಡನ್ನು ಪೋಣಿಸಿದರೆ ೩೨ ವೋಲ್ಟು. ಮೇನ್ಸಿನಿಂದ ಪ್ರತ್ಯೇಕಿಸಿದ ಜಾತಿಯ ಡ್ರೈವರನ್ನೇ ಆರಿಸಬೇಕೆಂಬ ಎಚ್ಚರವೊಂದಿದ್ದರೆ ಸಾಕು. ಅರವತ್ತು ವರ್ಷದ ಹಳೆಯ ವಿದ್ಯೆಗೂ ಮೊನ್ನೆಯ ವಿದ್ಯೆಗೂ ಹೀಗೆ ಗಂಟು ಹಾಕಿದ ಆ ಬುದ್ಧಿಗೆ ಯಾವ ವಿಶ್ವವಿದ್ಯಾಲಯವೂ ಅಂಕ ಕೊಡಲಿಲ್ಲ.

ಎರಡನೆಯ ತೊಡಕು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನದು. ವಾಲ್ವಿಗೆ ಬೇಕಾದದ್ದು ಸುಮಾರು ೫,೦೦೦ ಓಮಿನ ಹೊರೆ; ಸ್ಪೀಕರಿನದು ೮ ಓಮು. ಐದು ಸಾವಿರವನ್ನು ಎಂಟರಿಂದ ಭಾಗಿಸಿ ವರ್ಗಮೂಲ ತೆಗೆದರೆ ೨೫. ಎಂದರೆ ಒಂದು ಕಡೆಯ ೨೫ ಸುತ್ತಿಗೆ ಇನ್ನೊಂದು ಕಡೆ ಒಂದು ಸುತ್ತು. ಲೋಹದ ಪಟ್ಟಿಗಳ ನಡುವೆ ಕಾಗದದಷ್ಟು ಸಂದು ಬಿಡಬೇಕು. ಸುತ್ತುಗಳನ್ನು ಪದರ ಪದರವಾಗಿ ಹೆಣೆಯಬೇಕು. ಇದನ್ನು ಕಟ್ಟುವವರು ಯಾರೆಂದು ಕೇಳುವಿರೋ? ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿತೋಟದ ಪಂಪು ಸುಟ್ಟಾಗ ಬೆಳಗಾಗುವುದರೊಳಗೆ ಕಟ್ಟಿಕೊಡುವ ರಿವೈಂಡಿಂಗ್ ಅಂಗಡಿಗಳ ಕೈಗಳು ನಮ್ಮೂರಲ್ಲಿ ಕಡಮೆಯೆ? ತಂತಿ ಇದೆ, ಕೈ ಇದೆ, ಲೆಕ್ಕ ಹಾಕಬಲ್ಲ ತಲೆಯೂ ಇದೆ. ಇಲ್ಲದ್ದು ವಾಲ್ವು, ಏಕೆಂದರೆ ಅದು ಒಡೆದುಹೋಯಿತು.

ಇಲ್ಲಿಗೆ ವ್ಯವಹಾರಚತುರರಾದ ನನ್ನ ಸಹೋದ್ಯೋಗಿಗಳು ನಗುತ್ತ ಎದ್ದು ನಿಲ್ಲುತ್ತಾರೆ. ‘ಸ್ವಾಮಿ, ಕೆಲವು ನೂರು ರೂಪಾಯಿಗೆ ಅಂಗೈಯಗಲದ ಒಂದು ಹಲಗೆ ಸಿಗುತ್ತದೆ. ಅದರ ಶಕ್ತಿ ನಿಮ್ಮ ಈ ಗಾಜಿನ ಬುರುಡೆಯ ಹತ್ತು ಪಟ್ಟು. ವಿದ್ಯುತ್ತೂ ಉಳಿತಾಯ. ಇದೇನು ಹುಚ್ಚು?’ ಎನ್ನುತ್ತಾರೆ. ಅವರು ಹೇಳುವ ಸಂಗತಿಗಳೆಲ್ಲ ಸತ್ಯ. ಪಿಸಿಎಲ್ ೮೨ರಿಂದ ಹೊರಡುವುದು ಹೆಚ್ಚೆಂದರೆ ಸುಮಾರು ೩ ವ್ಯಾಟು. ಅದಕ್ಕಾಗಿ ಕಾಯುವ ತಂತಿಗೆ ೪.೮ ವ್ಯಾಟು, ಪ್ಲೇಟಿಗೆ ಏಳರಷ್ಟು ವ್ಯಾಟು ಖರ್ಚು. ಎರಡು ಬದಿಯದೂ ಸೇರಿ, ಸೋರಿಕೆಯನ್ನೂ ಹಿಡಿದರೆ ಹಳೆಯ ಟ್ಯೂಬಲೈಟೊಂದಕ್ಕೆ ಸ್ವಲ್ಪ ಕಡಮೆ. ಲೆಕ್ಕದಲ್ಲಿ ವಾಲ್ವಿಗೆ ಸೋಲೇ ಸರಿ. ಆದರೆ ಮನೆಯ ಕೋಣೆಯಲ್ಲಿ ಕುಳಿತು ಕೇಳುವವನಿಗೆ ಒಂದು ವ್ಯಾಟಿನ ಮೇಲೆ ಬೇಕಾಗುವುದು ಅಪರೂಪ. ಉಳಿದದ್ದು ನೆರೆಯವರನ್ನು ಎಬ್ಬಿಸುವುದಕ್ಕೆ. ಮೇಲಾಗಿ, ಇವರು ಹೋಲಿಸುತ್ತಿರುವುದು ಹೊಸ ಹಲಗೆಯನ್ನೂ ಹೊಸ ವಾಲ್ವನ್ನೂ ಅಲ್ಲ. ಈಗಾಗಲೇ ತಯಾರಾಗಿ, ನಮ್ಮ ಅಟ್ಟದಲ್ಲಿದ್ದು, ಇನ್ನೂ ಕೆಲವು ಸಾವಿರ ಗಂಟೆಯ ಆಯುಷ್ಯವನ್ನು ಹೊಟ್ಟೆಯಲ್ಲಿಟ್ಟುಕೊಂಡ ವಸ್ತುವಿನ ಮಾತು ನಾನಾಡುತ್ತಿರುವುದು. ದಿನಕ್ಕೆ ಎರಡು ಗಂಟೆ ಕೇಳಿದರೆ ವರ್ಷಕ್ಕೆ ೭೩೦ ಗಂಟೆ. ಮೂರು ಸಾವಿರ ಗಂಟೆ ಉಳಿದಿದ್ದರೂ ನಾಲ್ಕು ವರ್ಷದ ಹಾಡು. ಒಡೆದ ಗಾಜಿನ ಆಯುಷ್ಯವು ಸೊನ್ನೆ.

ಇದಕ್ಕಿಂತ ದೊಡ್ಡ ಮಾತೊಂದಿದೆ. ಆ ಅಂಗೈಯಗಲದ ಹಲಗೆಯ ನಡುವೆ ಕುಳಿತ ಕಪ್ಪು ಚೂರಿನೊಳಗೆ ಏನು ನಡೆಯುತ್ತದೆಂದು ವಿದ್ಯಾರ್ಥಿಯು ಕಂಡನೆ? ಕಾಣಲಾರ. ಅದು ಕೆಡುವುದು ಒಮ್ಮೆ. ಕೆಟ್ಟ ಮೇಲೆ ಎಸೆಯುವುದೊಂದೇ ವಿದ್ಯೆ. ವಾಲ್ವಿನ ಆಂಪ್ಲಿಫಾಯರಿನಲ್ಲಿ ಪ್ರತಿಯೊಂದು ಅಂಗವೂ ಕಣ್ಣಿಗೆ ಕಾಣುತ್ತದೆ, ಮೀಟರಿನ ಮುಳ್ಳಿಗೆ ಸಿಗುತ್ತದೆ. ಗಾಜಿನ ತಲೆಯ ಒಳಗೆ ಬೆಳ್ಳಿಯ ಹಾಗೆ ಹೊಳೆಯುವ ಬೇರಿಯಮ್ಮಿನ ಲೇಪವು ಹಾಲಿನಂತೆ ಬಿಳಿಚಿಕೊಂಡಿದ್ದರೆ ಗಾಳಿಯು ಒಳಹೊಕ್ಕಿತೆಂದು ಹತ್ತು ವರ್ಷದ ಮಗುವೂ ಹೇಳಬಲ್ಲುದು. ತಂತಿಯು ಕೆಂಪಾಗುವುದನ್ನು ನೋಡಿ, ಸ್ವರವು ನಿಧಾನವಾಗಿ ಏಳುವುದನ್ನು ಕೇಳಿದ ಹುಡುಗನಿಗೆ ಎಲೆಕ್ಟ್ರಾನು ಪರೀಕ್ಷೆಯ ಶಬ್ದವಾಗಿ ಉಳಿಯುವುದಿಲ್ಲ. ಬಿಗಿಮುಚ್ಚಿದ ಡಬ್ಬಿಗಳನ್ನು ಜೋಡಿಸಿ ‘ಪ್ರಾಜೆಕ್ಟು’ ಎಂದು ಹೆಸರಿಟ್ಟು ಅಂಕ ಹಂಚುವ ನಾವು, ಒಳಗನ್ನು ತೋರಿಸಿಕೊಡುವ ಯಂತ್ರವನ್ನು ಭಂಗಾರಕ್ಕೆ ಹಾಕುತ್ತೇವೆ. ವ್ಯವಹಾರಚತುರತೆಗೆ ಇದು ಶೋಭೆಯೆ?

ಇನ್ನು ಬಂಗಾರದವರು. ಇವರೊಡನೆ ನನ್ನ ಜಗಳವು ಇನ್ನೂ ತೀಕ್ಷ್ಣವಾದದ್ದು. ಏಕೆಂದರೆ ಇವರು ನನ್ನ ಪಕ್ಷದವರೆಂದು ಹೇಳಿಕೊಳ್ಳುತ್ತಾರೆ. ಲಕ್ಷಗಟ್ಟಲೆ ಸುರಿದು ಪರದೇಶದ ವಾಲ್ವ್ ಆಂಪ್ಲಿಫಾಯರು ತರಿಸಿ, ಮಲ್ಲಿಕಾರ್ಜುನ ಮನಸೂರರ ತಟ್ಟೆಯನ್ನು ಹಚ್ಚಿ, ‘ಇದೇ ನಿಜವಾದ ಧ್ವನಿ, ಟ್ರಾನ್ಸಿಸ್ಟರಿನದು ಸತ್ತ ಧ್ವನಿ’ ಎಂದು ಅಪ್ಪಣೆ ಕೊಡಿಸುವ ರಸಿಕರು ಇವರು. ಈ ಮಾತಿನಲ್ಲಿ ಹುರುಳಿಲ್ಲ. ಒಂದೇ ವಾಲ್ವಿನಿಂದ ಶಕ್ತಿ ಪಡೆಯುವ ಸರಳ ಆಂಪ್ಲಿಫಾಯರಿನಲ್ಲಿ ಪೂರ್ಣಶಕ್ತಿಯ ಹೊತ್ತಿಗೆ ಶೇಕಡಾ ೧೦ರಷ್ಟು ವಿಕೃತಿ ಸೇರುತ್ತದೆಂದು ತಯಾರಕರ ಕೋಷ್ಟಕಗಳೇ ಒಪ್ಪಿಕೊಂಡಿವೆ. ಮೆಲ್ಲಗೆ ಹಚ್ಚಿದರೆ, ಫೀಡ್‌ಬ್ಯಾಕಿನ ಅಂಕುಶ ಹಾಕಿದರೆ ಅದು ಎಷ್ಟೋ ಇಳಿಯುತ್ತದೆ, ನಿಜ. ಆದರೆ ಸಾಧಾರಣವಾದ ಇಂದಿನ ಚಿಪ್ಪಿನಲ್ಲಿ ಅದು ಶೇಕಡಾ ಒಂದರ ಸಣ್ಣ ಅಂಶ ಮಾತ್ರ. ಮೂಲಕ್ಕೆ ನಿಷ್ಠೆಯೇ ಸತ್ಯವೆಂದಾದರೆ ಸತ್ಯವು ಚಿಪ್ಪಿನ ಕಡೆಗಿದೆ.

ಹಾಗಾದರೆ ಕಿವಿಗೆ ಇಂಪಾಗುವುದೇಕೆ? ಇಲ್ಲಿ ನಮ್ಮ ನೆರೆಯ ಮಿರಜಿನ ತಂಬೂರಿ ಕುಶಲಿಗರನ್ನು ಕೇಳಬೇಕು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ನೂಲಿನೆಳೆಯನ್ನು ಸರಿಸಿ ಸರಿಸಿ ‘ಜವಾರಿ’ ತೆಗೆಯುತ್ತಾರೆ. ಆ ನೂಲು ತಂತಿಯ ಸ್ವರಕ್ಕೆ ಮೇಲಿನ ಸ್ವರಾಂಶಗಳನ್ನು ಕೂಡಿಸುತ್ತದೆ. ಬರಿಯ ತಂತಿಯಲ್ಲಿ ಇಲ್ಲದ ಝೇಂಕಾರವು ಏಳುತ್ತದೆ. ಸರಳ ವಾಲ್ವ್ ಆಂಪ್ಲಿಫಾಯರು ಕೂಡಿಸುವ ವಿಕೃತಿಯಲ್ಲಿಯೂ ಮೇಲಿನ ಷಡ್ಜದ, ಎಂದರೆ ಎರಡರಷ್ಟು ಕಂಪನದ ಅಂಶವು ಗಣನೀಯವಾಗಿರುತ್ತದೆ. ಕಿವಿಯು ಅದನ್ನು ನೆಂಟನಂತೆ ಬರಮಾಡಿಕೊಳ್ಳುತ್ತದೆ. ನಮ್ಮ ಕಡೆಯ ಜೋಳಕ್ಕೂ ಕೋಳಿಗೂ ‘ಜವಾರಿ’ ಎಂಬ ವಿಶೇಷಣವಿದೆಯಷ್ಟೆ; ವಾಲ್ವಿನ ಧ್ವನಿಯು ಎರ­ಡೂ ಅರ್ಥದಲ್ಲಿ ಜವಾರಿಯೆಂದರೆ ನನ್ನ ತಕರಾರಿಲ್ಲ. ಅದು ಹಿತವಾದೊಂದು ಬಣ್ಣ. ಅದನ್ನು ಸತ್ಯದ ಗದ್ದುಗೆಗೇರಿಸಿ ಪೂಜೆಗೆ ಕುಳಿತರೆ ಆಗುವುದೇನು? ಬೆಲೆ ಏರುತ್ತದೆ, ವಸ್ತುವು ಕಪಾಟು ಸೇರುತ್ತದೆ. ಹೆಸರುವಾಸಿಯಾದ ಕಾರ್ಖಾನೆಯ ಮುದ್ರೆಯ ವಾಲ್ವನ್ನು ಹತ್ತು ಹತ್ತಾಗಿ ಕೂಡಿಟ್ಟು, ‘ಮುಂದೆ ಸಿಗುವುದಿಲ್ಲ’ ಎಂದು ಮೀಸೆ ತಿರುವುವವರನ್ನು ನಾನು ಬಲ್ಲೆ. ಉರಿಯದ ವಾಲ್ವಿಗೂ ಒಡೆದ ವಾಲ್ವಿಗೂ ಕೇಳುವವನ ಕಿವಿಯಲ್ಲಿ ಅಂತರವೇನು?

ಮೂರನೆಯದಾಗಿ ಬರುವ ಆಕ್ಷೇಪಣೆಯನ್ನು ಮಾತ್ರ ನಾನು ತಲೆಬಾಗಿ ಕೇಳುತ್ತೇನೆ. ‘ಇದು ಅಪಾಯದ ಆಟ, ಹುಡುಗರ ಪ್ರಾಣಕ್ಕೆ ಯಾರು ಹೊಣೆ?’ ಎಂದು ತಾಯಂದಿರು ಕೇಳಿದರೆ ಅದು ಸರಿಯೆ. ಆ ಕಾಲದ ಬಹುಪಾಲು ಟೆಲಿವಿಜನ್ ಸೆಟ್ಟುಗಳಲ್ಲಿ ಮೇನ್ಸನ್ನು ಬೇರ್ಪಡಿಸುವ ಟ್ರಾನ್ಸ್‌ಫಾರ್ಮರೇ ಇರುತ್ತಿರಲಿಲ್ಲ. ಒಳಗಿನ ಲೋಹದ ಚೌಕಟ್ಟು ನೇರವಾಗಿ ಮೇನ್ಸಿನ ಒಂದು ತಂತಿಗೆ ಸೇರಿರುತ್ತಿತ್ತು. ಪ್ಲಗ್ಗನ್ನು ತಿರುವಿಹಾಕಿದರೆ ಆ ಚೌಕಟ್ಟೇ ಯಮಪಾಶ. ಚಿತ್ರದ ಕೊಳವೆಗೆ ಹತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ. ಸ್ವಿಚ್ಚು ಆರಿಸಿದ ಮೇಲೂ ಅದು ಹೊಂಚಿಕೊಂಡಿರುತ್ತದೆ. ಕೊಳವೆಯು ಒಡೆದರೆ ಗಾಜು ಸಿಡಿಯುತ್ತದೆ. ಆದುದರಿಂದ ಯಾವ ಹುಡುಗನೂ ಒಬ್ಬನೇ ಕುಳಿತು ಸೆಟ್ಟು ಬಿಚ್ಚಬಾರದು. ಸೆಟ್ಟಿನಿಂದ ತೆಗೆದುಕೊಳ್ಳತಕ್ಕದ್ದು ವಾಲ್ವು ಮತ್ತು ಅದರ ಬುಡದ ಸಾಕೆಟ್ಟು; ಚೌಕಟ್ಟನ್ನು ಎಂದಿಗೂ ಅಲ್ಲ. ಹೊಸದಾಗಿ ಕಟ್ಟುವ ಆಂಪ್ಲಿಫಾಯರಿಗೆ ಟ್ರಾನ್ಸ್‌ಫಾರ್ಮರು ಇರಲೇಬೇಕು, ಚೌಕಟ್ಟಿಗೆ ಅರ್ಥಿಂಗು ಇರಲೇಬೇಕು. ಒಳಗಿನ ೨೦೦-೨೫೦ ವೋಲ್ಟು ಕೂಡ ಕೊಲ್ಲಬಲ್ಲದು. ಸ್ವಿಚ್ಚು ಆರಿದೊಡನೆ ಕಂಡೆನ್ಸರಿನಲ್ಲಿ ಉಳಿದದ್ದು ಹರಿದುಹೋಗಲು ಒಂದು ರೆಸಿಸ್ಟರನ್ನು ಹಾಕಿರಬೇಕು. ಹಳೆಯ ಕಾಗದದ ಕಂಡೆನ್ಸರುಗಳನ್ನು ಮೋಹಪಡದೆ ಎಸೆಯಬೇಕು. ಅವು ಸೋರಿದರೆ ವಾಲ್ವೇ ಹಾಳು.

ಇಷ್ಟು ಹೇಳಿದ ಮೇಲೆ ತಾಯಂದಿರಿಗೆ ನನ್ನದೊಂದು ಪ್ರತಿಪ್ರಶ್ನೆ. ಈ ಎಚ್ಚರಗಳನ್ನು ಹುಡುಗನಿಗೆ ಕಲಿಸತಕ್ಕವರು ಯಾರು, ಎಲ್ಲಿ? ಕಲಿಯುವ ಹಟವುಳ್ಳವನು ಹೇಗೂ ಬಿಚ್ಚುತ್ತಾನೆ. ಪ್ರಯೋಗಶಾಲೆಯ ಮೇಜಿನ ಮೇಲೆ, ಪಕ್ಕದಲ್ಲಿ ಗುರುವನ್ನಿಟ್ಟುಕೊಂಡು ಬಿಚ್ಚುವುದು ಮೇಲೋ, ಮನೆಯ ಅಟ್ಟದ ಮೇಲೆ ಕತ್ತಲಲ್ಲಿ ಬಿಚ್ಚುವುದು ಮೇಲೋ? ಅಪಾಯದ ಹೆಸರು ಹೇಳಿ ಶಾಲೆಯು ಕೈತೊಳೆದುಕೊಂಡರೆ ಅಪಾಯವು ಕಡಮೆಯಾಗುವುದಿಲ್ಲ, ಮನೆಗೆ ವರ್ಗವಾಗುತ್ತದೆ.

‘ಕನ್ನಡದ ಅಧ್ಯಾಪಕನಿಗೆ ಈ ಉಸಾಬರಿ ಏಕೆ? ರಗಳೆ, ಷಟ್ಪದಿ ಹೇಳಿಕೊಂಡಿರಬಾರದೆ?’ ಎಂಬ ಮಾತೂ ಕಿವಿಗೆ ಬಿದ್ದಿದೆ. ಮೈಸೂರಿನಲ್ಲಿ ೧೯೩೫ರಲ್ಲಿ ತಮ್ಮ ಮನೆಯಲ್ಲೇ ಆಕಾಶವಾಣಿಯನ್ನು ಕಟ್ಟಿದ ಎಂ. ವಿ. ಗೋಪಾಲಸ್ವಾಮಿಯವರು ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಅಲ್ಲಿ ಅವರೊಡನೆ ದುಡಿದ ನಾ. ಕಸ್ತೂರಿಯವರು ಕನ್ನಡದ ಹಾಸ್ಯಲೇಖಕರು. ಅಂದು ಅವರನ್ನು ಯಾರಾದರೂ ಹೀಗೆ ಕೇಳಿದ್ದರೆ ಏನು ಗತಿ! ಅದೂ ಅಲ್ಲದೆ, ಇದು ನನ್ನ ವಿಷಯವೇ ಹೌದು. ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ ೧೯೧೮ರಲ್ಲಿ ‘ವಿಜ್ಞಾನ’ ಪತ್ರಿಕೆಯನ್ನು ತೆಗೆದಂದಿನಿಂದ ಕನ್ನಡವು ಶಾಸ್ತ್ರವನ್ನು ಹೇಳಲು ಕಲಿತಿದೆ. ಆದರೆ ಕಸುಬಿನವನ ಬಾಯಿಂದ ಕೇಳಲು ಕಲಿತದ್ದು ಅಲ್ಪ. ಹಳೆಯ ವಾಲ್ವಿನ ಬಲ ಕುಂದಿದಾಗ ನಮ್ಮ ಪಠ್ಯದ ಭಾಷೆಯು ‘ಉತ್ಸರ್ಜನ ಸಾಮರ್ಥ್ಯದ ಕ್ಷಯ’ ಎನ್ನುತ್ತದೆ. ಇಬ್ರಾಹಿಂಪುರದ ಆ ಮೈಕಸೆಟ್ಟಿನ ಮುದುಕನು ಸ್ವರವನ್ನು ಕೇಳಿಯೇ, ‘ವಾಲ್ವ್ ಕುಂತೈತ್ರೀ ಸರ’ ಎಂದನು. ಎತ್ತು ಕುಳಿತಂತೆ, ಸಂಸಾರ ಕುಳಿತಂತೆ, ವಾಲ್ವೂ ಕುಳಿತಿತು! ಕಂಡೆನ್ಸರು ಅವನಿಗೆ ‘ಸೋರತೈತಿ’, ಟ್ರಾನ್ಸ್‌ಫಾರ್ಮರು ‘ಗುಂಯ್ ಅಂತೈತಿ’, ಫೀಡ್‌ಬ್ಯಾಕು ಹೆಚ್ಚಾದರೆ ಸೆಟ್ಟು ‘ಊಳತೈತಿ’. ಕೋಶ ರಚಿಸುವವರು ಈ ಮುದುಕನ ಮುಂದೆ ಒಂದು ವಾರ ಕುಳಿತಿದ್ದರೆ ‘ನಿರ್ವಾತ ನಳಿಕೆ’ಯಂಥ ಬಾಯಿಗೆ ಹೊರೆಯಾದ ಶಬ್ದಗಳನ್ನು ಹುಡುಗರ ಮೇಲೆ ಹೇರುತ್ತಿರಲಿಲ್ಲ. ವಾಲ್ವುಗಳು ಭಂಗಾರಕ್ಕೆ ಹೋದರೆ ಈ ಮಾತುಗಳೂ ಹಿಂದೆಯೇ ಹೋಗುತ್ತವೆ. ಏಕೆಂದರೆ ಮಾತು ಬದುಕಿರುವುದು ಕೈಯಲ್ಲಿ ವಸ್ತುವಿರುವ ವರೆಗೆ.

ಕಾನೂನಿನ ಅಡ್ಡಿಯಿದೆಯೆಂದು ಕೆಲವು ಕಚೇರಿಯ ಗುಮಾಸ್ತರು ಹೇಳುತ್ತಾರೆ. ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಒಡೆದು ಕರಗಿಸುವವನನ್ನಷ್ಟೇ ಅಲ್ಲ, ದುರಸ್ತಿ ಮಾಡಿ ಮತ್ತೆ ಬಳಕೆಗೆ ತರುವವನನ್ನೂ ಗುರುತಿಸಿವೆ. ಮೇಲಾಗಿ ನಾನು ಕೇಳುತ್ತಿರುವುದು ಹರಾಜನ್ನು ನಿಲ್ಲಿಸಿರೆಂದಲ್ಲ. ವಹಿಯಿಂದ ಹೊಡೆದುಹಾಕುವ ಮೊದಲು, ಭೌತಶಾಸ್ತ್ರದವರೂ ಎಲೆಕ್ಟ್ರಾನಿಕ್ಸಿನವರೂ ಒಂದು ಮಧ್ಯಾಹ್ನ ಕಪಾಟನ್ನು ತೆರೆಯಲಿ. ವಾಲ್ವು, ಸಾಕೆಟ್ಟು, ಟ್ರಾನ್ಸ್‌ಫಾರ್ಮರುಗಳನ್ನು ಬೇರೆ ಮಾಡಿ, ಪಟ್ಟಿ ಬರೆದು, ಅದನ್ನು ಬಾಗಿಲ ಹೊರಗಿನ ಫಲಕಕ್ಕೆ ಅಂಟಿಸಲಿ. ಐಟಿಐದ ಹುಡುಗನೂ ರಿಪೇರಿ ಅಂಗಡಿಯವನೂ ಗೇಟಿನಲ್ಲಿ ತಡೆಯಿಲ್ಲದೆ ಒಳಗೆ ಬರಲಿ. ಭಂಗಾರದ ದರವನ್ನೇ ಕೊಟ್ಟು, ರಸೀದಿ ಪಡೆದು ಕೊಂಡುಹೋಗಲಿ. ಕಾಲೇಜಿನ ಬೊಕ್ಕಸಕ್ಕೆ ಒಂದು ಕಾಸೂ ನಷ್ಟವಿಲ್ಲ. ಅಟ್ಟದ ಮೇಲೆ ಸೆಟ್ಟಿಟ್ಟುಕೊಂಡ ಗೃಹಸ್ಥರೂ ಕೈಗಾಡಿಯವನನ್ನು ಕರೆಯುವ ಮುನ್ನ ಓಣಿಯ ರೇಡಿಯೋ ರಿಪೇರಿಯವನಿಗೊಮ್ಮೆ ತೋರಿಸಲಿ. ನಮ್ಮ ಕಾಲೇಜುಗಳಲ್ಲಿ ದಾಸ್ತಾನಿನ ತಪಾಸಣೆ ನಡೆಯುವುದು ಮಾರ್ಚಿನ ಸುಮಾರಿಗೆ. ಕಪಾಟಿನ ಕೀಲಿಕೈ ಯಾರ ಬಳಿಯಲ್ಲಿದೆಯೆಂದು ವಿಚಾರಿಸಲು ಈಗಲೇ ಹೊರಟರೆ ಅಷ್ಟರೊಳಗಾಗಿ ಸಿಕ್ಕೀತು.